ಗಾಲಿಯ ಮೇಲೆ ಹೊರಟ ಬಳುವಳಿ

ಗಿರಣಿಯೂರು

ಇಂಗ್ಲಂಡಿಗೆ ಹೋಗಿ ಬಂದವಳೆಂದು ಗೊತ್ತಾದರೆ ಸಾಕು, ವಿದ್ಯಾನಗರದ ನಮ್ಮ ಓಣಿಯ ಹೆಣ್ಣುಮಕ್ಕಳು ರಾಣಿಯ ಅರಮನೆಯ ವಿಷಯ ಕೇಳುತ್ತಾರೆ. ಅರಮನೆ ನೋಡಿದ್ದು ಖರೆ. ಆದರೆ ಅದಕ್ಕಿಂತ ಹೆಚ್ಚು ಹೊತ್ತು ನನ್ನ ಮುಂದೆ ಕೊಡೆ ಬಿಚ್ಚಿಕೊಂಡು ನಿಂತಿದ್ದ ಒಬ್ಬ ದಪ್ಪ ಹೆಂಗಸಿನ ಬೆನ್ನನ್ನೇ ನೋಡಿದೆ. ಆದ್ದರಿಂದ ಅರಮನೆ ಬಿಡಿ. ಹೆಬ್ಬೆರಳು ಗಾತ್ರದ ಒಂದು ಕಬ್ಬಿಣದ ಪಿನ್ನು ನಮ್ಮನ್ನೆಲ್ಲ ಹೇಗೆ ಕುಣಿಸಿತು ಎಂಬುದನ್ನು ಕೇಳಿ. ಅದನ್ನಾದರೆ ಚಹಾ ಆರಿ ತಣ್ಣಗಾಗುವ ತನಕ ಹೇಳಬಲ್ಲೆ.

ನಮ್ಮವರು ಹುಬ್ಬಳ್ಳಿಯ ಕಾಲೇಜಿನಲ್ಲಿ ಯಂತ್ರಶಾಸ್ತ್ರ ಕಲಿಸುವ ಮಾಸ್ತರರು. ಒಂದು ವರ್ಷದ ಹೆಚ್ಚಿನ ಓದಿಗೆಂದು ಅವರನ್ನು ಯಾರ್ಕ್‌ಶೈರ್ ಸೀಮೆಯ ಗಿರಣಿಯೂರೊಂದಕ್ಕೆ ಕಳಿಸಿದರು. ಬೆನ್ನಿಗೆ ನಾನೂ ಹೊರಟೆ. “ಅಲ್ಲೆ ಥಂಡಿ ಭಾಳ. ನೀ ಯಾಕ ಬರ್ತೀ?” ಎಂದರು. “ಥಂಡಿ ಇದ್ದಲ್ಲೇ ಬಿಸಿ ಅನ್ನ ಬೇಕಾಗತೈತಿ” ಎಂದೆ. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಊರು ನೋಡಿದರೆ ಹೊಗೆ, ಚಿಮಣಿ, ಒಂದಕ್ಕೊಂದು ಅಂಟಿಕೊಂಡ ಇಟ್ಟಂಗಿ ಮನೆಗಳು. ಗಿರಣಿಯ ಭೋಂಗಾ ಕೂಗಿದಾಗ ಜನ ಗುಂಪುಗೂಡಿ ಹೊರಬೀಳುವುದನ್ನು ಕಂಡು ನನಗೆ ನಮ್ಮ ಗಿರಣಿ ಚಾಳು ನೆನಪಾಗಿ ಮೊದಲ ದಿನವೇ ಮನಸ್ಸು ಹಗುರಾಯಿತು. ಅಲ್ಲಿ ಹೆರಾಲ್ಡ್ ಎಂಬ ಬಸ್ ಡ್ರೈವರನ ಮನೆಯ ಮೇಲಿನ ಖೋಲಿ ನಮ್ಮದಾಯಿತು. ಆತ ಆಗತಾನೆ ನೌಕರಿಯಿಂದ ನಿವೃತ್ತನಾಗಿದ್ದ. ಆರಡಿ ಆಳು, ಮಾತು ಕಡಿಮೆ, ತಲೆಯ ಮೇಲೆ ಸದಾ ಒಂದು ಚಪ್ಪಟೆ ಟೊಪ್ಪಿಗೆ. ಹೆಂಡತಿ ಈಡಿತ್ ಗಿಡ್ಡ, ದುಂಡಗೆ, ಗಂಡ ಆಡದೆ ಉಳಿಸಿದ ಮಾತುಗಳನ್ನೆಲ್ಲ ತಾನೇ ಆಡಿ ಮುಗಿಸುವವಳು.

ಅವರ ಭಾಷೆಯ ಬಗ್ಗೆ ಒಂದು ಮಾತು. ರೇಡಿಯೋದಲ್ಲಿ ಬರುವ ಇಂಗ್ಲಿಷ್ ಅಲ್ಲ ಅದು. ಅಕ್ಷರ ನುಂಗುತ್ತಾರೆ, ಸ್ವರ ಎಳೆಯುತ್ತಾರೆ. ಲಂಡನ್ನಿನವರು ಅವರ ಮಾತು ಕೇಳಿ ನಗುತ್ತಾರಂತೆ. ಮೈಸೂರಿನವರು ನಮ್ಮ ಮಾತು ಕೇಳಿ ನಗುವುದಿಲ್ಲವೆ, ಹಾಗೆಯೇ! ಅದಕ್ಕೇ ಅವರ ಮೇಲೆ ನನಗೆ ಕೂಡಲೇ ಮಮತೆ ಹುಟ್ಟಿತು. ಈ ಬರಹದಲ್ಲಿ ಅವರೆಲ್ಲ ನಮ್ಮ ಹುಬ್ಬಳ್ಳಿ ಧಾಟಿಯಲ್ಲೇ ಮಾತಾಡುತ್ತಾರೆ. ಬೇರೆ ಧಾಟಿ ಅವರ ಬಾಯಿಗೆ ಒಪ್ಪುವುದಿಲ್ಲ.

ಹಿತ್ತಲು

ಮನೆಯ ಹಿತ್ತಲಲ್ಲಿ ಇನ್ನೊಂದು ಮನೆ ನಿಂತಿತ್ತು. ಎರಡು ಗಾಲಿ, ನಾಲ್ಕು ಕಿಡಕಿ, ಒಂದು ಬಾಗಿಲು, ಒಳಗೆ ಒಲೆ, ಮಂಚ, ಕಪಾಟು. ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಮನೆ ಅದು. ಕ್ಯಾರವಾನ್ ಅನ್ನುತ್ತಾರೆ. ಹೆರಾಲ್ಡ್ ಯಾರೋ ಬಿಟ್ಟದ್ದನ್ನು ತಂದು, ಬೇಸಿಗೆ ಪೂರ್ತಿ ತಿಕ್ಕಿ, ನೀಲಿ ಬಣ್ಣ ಹೊಡೆದು ಹೊಸದು ಮಾಡಿದ್ದ. ಈಡಿತ್ ಕಿಡಕಿಗಳಿಗೆ ಹೂವಿನ ಪರದೆ ಹೊಲಿದಿದ್ದಳು.

ಯಾರಿಗೆ ಎಂದರೆ ಮಗಳು ಜೋನ್‌ಳಿಗೆ. ಸಮುದ್ರದ ದಂಡೆಯ ಒಂದು ಊರಲ್ಲಿ ಮೀನು ಹಿಡಿಯುವ ಟಾಮ್ ಎಂಬ ಹುಡುಗನ ಜೊತೆ ಅವಳ ಲಗ್ನ ಗಟ್ಟಿಯಾಗಿತ್ತು. ಹುಡುಗ ಛಲೋ, ದೋಣಿಯೂ ಛಲೋ, ಆದರೆ ಇರಲು ಮನೆಯಿಲ್ಲ. ಟಾಮನ ಮನೆಯಲ್ಲಿ ಐದು ಜನ ಅಣ್ಣತಮ್ಮಂದಿರು ಎರಡು ಖೋಲಿಗಳಲ್ಲಿ ಮಲಗುತ್ತಿದ್ದರು. ಆ ಊರಲ್ಲಿ ಬಾಡಿಗೆ ಮನೆಗಳಿಗೆ ಸರತಿ ಹಚ್ಚಿ ಜನ ಮುದುಕರಾಗುತ್ತಿದ್ದರಂತೆ. ಆಗ ಹೆರಾಲ್ಡ್ ಬೀಗರೆದುರು ಒಂದೇ ಮಾತು ಹೇಳಿ ಬಂದಿದ್ದ: “ಲಗ್ನದ ದಿನ ನನ್ನ ಮಗಳು ಆಕಿ ಸ್ವಂತ ಮನ್ಯಾಗ ಮಲಗ್ತಾಳ.”

ಲಗ್ನ ಶನಿವಾರ. ಗಾಡಿ ಶುಕ್ರವಾರ ಅಲ್ಲಿಗೆ ಮುಟ್ಟಬೇಕು. ಮುಟ್ಟದಿದ್ದರೆ ಮದುಮಕ್ಕಳಿಗೆ ತಲೆಯ ಮೇಲೆ ಸೂರಿಲ್ಲ, ಹೆರಾಲ್ಡ್‌ನ ಮಾತಿಗೆ ಮಾನವಿಲ್ಲ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತೇವೆ ನಾವು. ಈ ಮನುಷ್ಯ ಎರಡನ್ನೂ ಒಂದೇ ಕಾರಿಗೆ ಕಟ್ಟಿಕೊಂಡಿದ್ದ! ಬಳುವಳಿಯಾಗಿ ಹೊಲ ಕೊಟ್ಟದ್ದು ಕೇಳಿದ್ದೆ, ಹಿಂಡುವ ಎಮ್ಮೆ ಕೊಟ್ಟದ್ದು ನೋಡಿದ್ದೆ. ಗಾಲಿ ಹಚ್ಚಿ ಮನೆಯನ್ನೇ ಕಳಿಸುವುದನ್ನು ಅಲ್ಲಿಯೇ ಕಂಡದ್ದು.

ಒಂದು ತೊಡಕಿತ್ತು. ಹೆರಾಲ್ಡ್‌ನ ಹಳೆಯ ಕಾರು ಕುಳ್ಳು, ಗಾಡಿಯ ಕೊರಳು ಎತ್ತರ. ಹಾಗೇ ಕಟ್ಟಿದರೆ ಗಾಡಿ ಮೂತಿ ನೆಲಕ್ಕೆ ಹಚ್ಚಿ, ಬಾಲ ಮೇಲೆ ಮಾಡಿ ನಿಲ್ಲುತ್ತಿತ್ತು. ಅದಕ್ಕೆ ಆತ ಎತ್ತರ ಹೊಂದಿಸಬಹುದಾದ ಕೊಂಡಿಯೊಂದನ್ನು ತಂದ. ಕಾರಿನ ಹಿಂದೆ ಸಾಲಾಗಿ ತೂತುಗಳಿರುವ ಒಂದು ದಪ್ಪ ಪಟ್ಟಿ. ಗಾಡಿಯ ಕೊರಳನ್ನು ಹಿಡಿಯುವ ಇನ್ನೊಂದು ತುಂಡು ಆ ಪಟ್ಟಿಗುಂಟ ಮೇಲೆ ಕೆಳಗೆ ಸರಿಯುತ್ತದೆ. ಬೇಕಾದ ಎತ್ತರಕ್ಕೆ ಇಟ್ಟು ಎರಡು ಪಿನ್ನು ತೂರಿಸಿದರೆ ಮುಗಿಯಿತು. ಪಿನ್ನು ತೆಗೆದರೆ ಅರ್ಧ ಕೊಂಡಿ ಕಾರಿನ ಪಾಲು, ಅರ್ಧ ಗಾಡಿಯ ಪಾಲು.

“ಕಾನೂನಿಗೆ ನಡೀತೈತೇನ್ರಿ ಇದು?” ಎಂದು ನಮ್ಮವರು ಕೇಳಿದರು. ಯಂತ್ರದ ಮಾಸ್ತರರಾದರೂ ನಮ್ಮವರಿಗೆ ಯಂತ್ರಕ್ಕಿಂತ ಪೊಲೀಸರ ಅಂಜಿಕೆ ಜಾಸ್ತಿ.

“ನಡೀತೈತಿ. ಕೇಳಿ ಬಂದೇನಿ,” ಎಂದ ಹೆರಾಲ್ಡ್. “ಎತ್ತರ ಬೇಕಾದಂಗ ಮಾಡ್ಕೋಬಹುದು, ಅದಕ್ಕೇನ ಅಡ್ಡಿಯಿಲ್ಲ. ಆದ್ರ ಮಾಡ್ಕೊಂಡ ಮ್ಯಾಲೆ ಅದು ಅಲ್ಲಾಡಬಾರದು. ಅದರದೇ ಪಿನ್ನು ಹಾಕಬೇಕು, ಪಿನ್ನಿಗೆ ಕ್ಲಿಪ್ಪು ಹಾಕಬೇಕು. ಅಕಸ್ಮಾತ್ ಬಿಚ್ಚಿದ್ರ ಹಿಡ್ಕೊಳ್ಳಾಕ ಸರಪಳಿ ಇರಬೇಕು. ಹಿಂದಿನವರಿಗೆ ನಂಬರು ಕಾಣಬೇಕು.”

ಗಾಡಿಯೊಳಗೆ ಸಾಮಾನು ಜೋಡಿಸುವಾಗ ಈಡಿತ್ ಕಬ್ಬಿಣದ ಪೆಟ್ಟಿಗೆಯನ್ನು ಹಿಂದಿನ ಮೂಲೆಗೆ ಇಡಹೋದಳು. ನಾನು ಬೇಡವೆಂದೆ. ನಮ್ಮ ಚಕ್ಕಡಿಯಲ್ಲಿ ಹಿಂದೆ ಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ, ಮುಂದೆ ಭಾರವಾದರೆ ಹೆಗಲು ಕುಸಿಯುತ್ತದೆ. ಗಾಲಿಯ ಮೇಲೆ ಭಾರ ಇಟ್ಟು, ಒಂಚೂರೇ ಚೂರು ಮುಂದಕ್ಕೆ ಕೊಡಬೇಕು. ನಮ್ಮವರು ಇದನ್ನೇ ಕಾಗದದ ಮೇಲೆ ಗೀಟು ಹಾಕಿ ತೋರಿಸಿದರು. ಈಡಿತ್ ಗೀಟು ನೋಡಿ ತಲೆ ಕೊಡವಿ, ಎತ್ತಿನ ಮಾತು ಕೇಳಿ ಪೆಟ್ಟಿಗೆ ಸರಿಸಿದಳು. ಹಾಗಾದರೆ ನಾನು ದಾರಿಯಲ್ಲಿ ಒಳಗಿನ ಮಂಚದ ಮೇಲೆ ಮಲಗಿ ಬರುತ್ತೇನೆಂದೆ. “ಗಾಡಿ ನಡಿಯೂವಾಗ ಒಳಗ ಯಾರೂ ಇರಬಾರದು,” ಎಂದ ಹೆರಾಲ್ಡ್. ನನ್ನ ಮಹಾರಾಣಿ ಸವಾರಿ ಅಷ್ಟಕ್ಕೇ ತಪ್ಪಿತು.

ನವಮಿ

ಹೊರಡುವ ಹಿಂದಿನ ದಿನ ಖಂಡೇನವಮಿ. ನಾನು ಗ್ಯಾರೇಜಿನ ಮನೆಯ ಮಗಳು. ದುರ್ಗದಬೈಲಿನಿಂದ ಕೂಗಳತೆಯಲ್ಲಿ ನಮ್ಮಪ್ಪನ ಲಾರಿ ಗ್ಯಾರೇಜು. ನವಮಿಯ ದಿನ ಮೇಸ್ತ್ರಿ ಹುಸೇನ ಕಾಕಾ ಒಂದೊಂದೇ ಪಾನಾ, ಒಂದೊಂದೇ ಸುತ್ತಿಗೆ ಸೀಮೆಎಣ್ಣೆಯಲ್ಲಿ ತೊಳೆದು ಜಮಖಾನೆಯ ಮೇಲೆ ಸಾಲಾಗಿ ಇಡುತ್ತಿದ್ದರು. ವಿಭೂತಿ, ಕುಂಕುಮ ಹಚ್ಚುವುದು ನನ್ನ ಕೆಲಸ. ಒಮ್ಮೆ ಪೂಜೆಗೆ ಇಟ್ಟ ಮೇಲೆ ದಶಮಿಯ ಬೆಳಿಗ್ಗೆ ತನಕ ಯಾರೂ ಮುಟ್ಟುವಂತಿಲ್ಲ. ಲಾಟಸಾಹೇಬರ ಕಾರು ಬಾಗಿಲಲ್ಲಿ ಕೆಟ್ಟು ನಿಂತರೂ ಅಪ್ಪ ಪಾನಾ ಎತ್ತುತ್ತಿರಲಿಲ್ಲ.

ಇಂಥ ಗ್ಯಾರೇಜಿನ ಮಾನ ತೆಗೆಯಲು ನಮ್ಮವರ ಹತ್ತಿರ ಒಂದೇ ಒಂದು ಅಸ್ತ್ರವಿದೆ. ನನ್ನನ್ನು ಗಂಡನ ಮನೆಗೆ ಧಾರವಾಡಕ್ಕೆ ಕಳಿಸುವ ದಿನ ಅಪ್ಪನ ಕಾರು ಚಾಲೂ ಆಗಲಿಲ್ಲ. ಅಪ್ಪ ಬಾನೆಟ್ಟಿನೊಳಗೆ ತಲೆ ಹಾಕಿ ಎಷ್ಟೋ ಹೊತ್ತು ನಿಂತಿದ್ದರು. ಬೀಗರೆಲ್ಲ ಬಿಸಿಲಲ್ಲಿ ಒಣಗಿದರು. “ಊರ ಮಂದಿ ಗಾಡಿ ರಿಪೇರಿ ಮಾಡವರು, ಮಗಳ ಮದುವಿ ದಿನಾನ ತಮ್ಮ ಗಾಡಿ ಚಾಲೂ ಆಗಲಿಲ್ಲ” ಎಂದು ನಮ್ಮವರು ಸಿಕ್ಕವರಿಗೆಲ್ಲ ಹೇಳಿ ನಗುತ್ತಾರೆ. ನನಗೆ ಮೈ ಉರಿಯುತ್ತದೆ. ಆದರೆ ನಡೆದದ್ದು ಸುಳ್ಳಲ್ಲವಲ್ಲ!

ಹೆಣ್ಣುಮಗಳ ಬಳುವಳಿ ದಶಮಿಯ ದಿನ ಸೀಮೋಲ್ಲಂಘನಕ್ಕೆ ಹೊರಟಿದೆ, ಪೂಜೆಯಿಲ್ಲದೆ ಹೇಗೆ ಕಳಿಸುವುದು? ಈಡಿತ್‌ಳಿಗೆ ಹೇಳಿದೆ. ಅವಳು ಕುಣಿದಳು. ತನ್ನ ತೋಟದ ಚೆಂಡುಹೂವನ್ನೆಲ್ಲ ಕೊಯ್ದು ತಂದಳು. ಕಾಯಿ ಎಲ್ಲಿಂದ ಬಂತು ಅನ್ನುತ್ತೀರಾ? ಅಲ್ಲಿಯ ಜಾತ್ರೆಯಲ್ಲಿ ತೆಂಗಿನಕಾಯಿಗೆ ಚೆಂಡು ಬೀಸಿ ಹೊಡೆಯುವ ಒಂದು ಆಟವಿದೆ. ಕಾಯಿ ಉರುಳಿದರೆ ಹೊಡೆದವನದು. ಹೆರಾಲ್ಡ್ ಗೆದ್ದು ತಂದಿದ್ದ ಕಾಯಿ ಅಡಿಗೆಮನೆಯಲ್ಲಿ ಶೋಭೆಗೆಂದು ಕೂತಿತ್ತು.

ಕಾರಿಗೆ, ಗಾಡಿಗೆ ವಿಭೂತಿ ಎಳೆದು ಕುಂಕುಮ ಇಟ್ಟೆ. ಗಾಡಿಯ ಹಿಂದೆ ದೊಡ್ಡ ಮಾಲೆ ಕಟ್ಟಿದೆ. ಇನ್ನು ಆಯುಧ ಬೇಕಲ್ಲ! ಸುತ್ತಿಗೆ, ಪಾನಾ ಹೊಂದಿಸಿಕೊಂಡು, ಈ ಎಲ್ಲ ಭಾರ ಹೊರುವುದು ಕೊಂಡಿಯಲ್ಲವೆ ಎಂದು ಅದರ ಎರಡು ಪಿನ್ನುಗಳಲ್ಲಿ ಮೇಲಿನದನ್ನೂ ಕ್ಲಿಪ್ಪು ಸಮೇತ ಎಳೆದು ತೆಗೆದೆ. ಗಾಡಿಯನ್ನು ಇನ್ನೂ ಕಾರಿಗೆ ಕಟ್ಟಿರಲಿಲ್ಲ, ಆದ್ದರಿಂದ ಅಪಾಯವೇನೂ ಇರಲಿಲ್ಲ. ಪಿನ್ನು ತೊಳೆದು, ಅರಿಷಿಣದ ದಾರ ಕಟ್ಟಿ, ಮೇಲಿನ ಖೋಲಿಯಲ್ಲಿ ದೇವರ ಮುಂದೆ ತಟ್ಟೆಯಲ್ಲಿಟ್ಟು ದೀಪ ಹಚ್ಚಿದೆ. ಹೆರಾಲ್ಡ್ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ.

“ಪೂಜಿಗೆ ಇಟ್ಟ ಮ್ಯಾಲೆ ಇದನ್ನ ಯಾರೂ ಮುಟ್ಟಂಗಿಲ್ರಿ,” ಎಂದೆ.

“ಆತ್ರಿ,” ಎಂದ. ಯಾವಾಗಿನ ತನಕ ಎಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸೀಮೋಲ್ಲಂಘನ

ಮರುದಿನ ಎದ್ದು, ತಣ್ಣೀರಿಗೆ ಬೈದುಕೊಳ್ಳುತ್ತ ಸ್ನಾನ ಮಾಡಿ, ಪೂಜೆ ಮುಗಿಸಿ, ತಟ್ಟೆ ಕದಲಿಸಿ, ಪಿನ್ನು ಹಿಡಿದು ಕೆಳಗೆ ಬಂದೆ. ನೋಡಿದರೆ ಗಾಡಿಯನ್ನು ಕಾರಿಗೆ ಕಟ್ಟಿ ಆಗಿದೆ. ಬಗ್ಗಿ ನೋಡಿದೆ. ಕೊಂಡಿಯ ಎರಡೂ ತೂತಿನಲ್ಲಿ ಕಬ್ಬಿಣ ತುಂಬಿದೆ. ಓಹೋ, ಹೆಚ್ಚಿನ ಪಿನ್ನು ಇಟ್ಟಿದ್ದಾರೆ ಎಂದುಕೊಂಡೆ. ಮನೆಯ ಯಜಮಾನ ಕಟ್ಟಿದ್ದನ್ನು ಹೆರವರ ಮನೆಯ ಹೆಂಗಸು ಯಾಕೆ ಪ್ರಶ್ನಿಸಬೇಕು? ಪೂಜೆ ಮಾಡಿದ ಪಿನ್ನನ್ನು ಮದುಮಗಳ ಉಡಿಗೇ ಹಾಕಿದರಾಯಿತೆಂದು ಕಾಯಿ, ಖಣದ ಜೊತೆ ಚೀಲಕ್ಕೆ ಸೇರಿಸಿದೆ.

ಬನ್ನಿ ಗಿಡ ಅಲ್ಲೆಲ್ಲಿ ಸಿಗಬೇಕು! ಈಡಿತ್‌ಳ ಬೇಲಿಯ ಸಣ್ಣ ಎಲೆ ಒಂದು ಹಿಡಿ ಕಿತ್ತು ಸೆರಗಿಗೆ ಕಟ್ಟಿಕೊಂಡೆ. ಮಧ್ಯಾಹ್ನದ ಊಟ ಮುಗಿಸಿ ಹೊರಟೆವು. ಹೆರಾಲ್ಡ್, ಈಡಿತ್ ಮುಂದೆ, ನಾವಿಬ್ಬರು ಹಿಂದೆ. ಹಿಂದಿನ ಗಾಜಿನಲ್ಲಿ ನೀಲಿ ಮನೆ ನಮ್ಮ ಬೆನ್ನು ಹತ್ತಿ ಬರುತ್ತಿತ್ತು. ದಾರಿಯುದ್ದಕ್ಕೂ ಜನ ಚೆಂಡುಹೂವಿನ ಮಾಲೆ ನೋಡಿ ಕೈ ಬೀಸಿದರು. ನಾನೂ ಬೀಸಿದೆ.

ಊರು ದಾಟಿದ ಮೇಲೆ ನಮ್ಮವರು ನನ್ನ ಕಡೆ ಬಾಗಿ, “ಹಿಂದ ಏನೋ ಕಟ ಕಟ ಅನ್ನಾಕತ್ತೈತಿ” ಎಂದರು.

“ಹಂಗಂದ್ರ ಹೇಳ್ರಿ ಅವರಿಗೆ.”

“ಹೆಂಗ ಹೇಳೂದು? ಜೀವನಪೂರ್ತಿ ಗಾಡಿ ಹೊಡದ ಮನಶ್ಯಾ. ಏನಾರ ಅನ್ಕೊಂಡಾರು.”

“ಅನ್ಕೊಳ್ಳಲಿ ಬಿಡ್ರಿ!”

“ಸುಮ್ಮ ಕುಂದರು, ಗಿರಿಜಾ. ಈ ದೇಶದಾಗ ಮಂದಿ ಹಂಗೆಲ್ಲಾ ಮಾತಾಡಂಗಿಲ್ಲ.”

ಕನ್ನಡದಲ್ಲಿ ನಾವು ಗುಸುಗುಸು ಜಗಳಾಡುವುದನ್ನು ಕೇಳಿ ಈಡಿತ್ ಹಿಂದೆ ತಿರುಗಿ ನಕ್ಕು ಒಂದು ಪೆಪ್ಪರಮೆಂಟು ಕೊಟ್ಟಳು. ನಮ್ಮವರು ಅದನ್ನು ಬಾಯಲ್ಲಿಟ್ಟುಕೊಂಡು ಮಾತು ಮುಗಿಸಿದರು.

ಬಯಲಿನ ಏರು

ಮುಂದೆ ಬಯಲು. ಗಿಡವಿಲ್ಲ, ಮನೆಯಿಲ್ಲ, ಕುರಿ ಬಿಟ್ಟರೆ ಜೀವವಿಲ್ಲ. ಗಾಳಿ ಅಂದರೆ ಗಾಳಿ! ಏರು ಮುಗಿದು ಇಳಿಜಾರು ಶುರುವಾದದ್ದೇ ತಡ, ನೀಲಿ ಮನೆ ಬಾಲ ಆಡಿಸತೊಡಗಿತು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ನಮ್ಮ ಕಾರಿನ ಕುಂಡಿಯನ್ನೂ ಅತ್ತಿತ್ತ ಎಳೆದಾಡಿತು. ಹಿಂದಿನ ಗಾಜಿನಲ್ಲಿ ನೋಡುತ್ತೇನೆ, ಗಾಡಿಯ ಮೂತಿ ವಾರೆಯಾಗಿದೆ. ನಮ್ಮವರು ಪೆಪ್ಪರಮೆಂಟು ನುಂಗಿಬಿಟ್ಟರು.

ನನಗೆ ಇಂಗ್ಲಿಷ್ ಮರೆತುಹೋಯಿತು. “ನಿಲ್ಲಸ್ರೀ! ಹೆರಾಲ್ಡ್ ಕಾಕಾ, ಗಾಡಿ ನಿಲ್ಲಸ್ರೀ!” ಎಂದು ಹುಬ್ಬಳ್ಳಿಗೆ ಕೇಳುವಂತೆ ಒದರಿದೆ.

ಹೆರಾಲ್ಡ್‌ಗೆ ಕನ್ನಡ ಬೇಕಾಗಲಿಲ್ಲ. ಗಡಬಡಿಸಿ ಬ್ರೇಕು ತುಳಿಯದೆ, ಕಾಲು ಸಡಿಲ ಬಿಟ್ಟು, ಚಕ್ರ ಗಟ್ಟಿಯಾಗಿ ಹಿಡಿದು, ನಿಧಾನ ಮಾಡುತ್ತ ಮಾಡುತ್ತ ಹುಲ್ಲಿನ ಬದಿಗೆ ತಂದು ನಿಲ್ಲಿಸಿದ.  ನಾನು ಬಹಳ ಅಂಜಿದ್ದೆ, ಸುಳ್ಳು ಯಾಕೆ ಹೇಳಲಿ.

ಇಳಿದು ನಿಲ್ಲುವಷ್ಟರಲ್ಲಿ ಹಿಂದಿನಿಂದ ಮೋಟಾರ್ ಸೈಕಲ್ಲಿನ ಪೊಲೀಸನೊಬ್ಬ ಬಂದು ನಿಂತ. ಕೆಂಪು ಮುಖ, ದೊಡ್ಡ ಮೀಸೆ.

“ಆವಾಗಿಂದ ನಿಮ್ಮ ಬೆನ್ನ ಹತ್ತೇನಿ,” ಎಂದ. “ನಂಬರ ನೋಡೂಣು ಅಂದ್ರ ಬರೇ ಹೂವು! ಯಾರ ಕೆಲಸ ಇದು?”

ನಾನು ಕೈ ಎತ್ತಿದೆ. ಗಾಡಿಯ ಹಿಂದಿನ ನಂಬರಿನ ಮೇಲೆ, ಒಂದು ಕೆಂಪು ದೀಪದ ಮೇಲೆ ನನ್ನ ಮಾಲೆ ಪಸರಿಸಿ ಕೂತಿತ್ತು. ಹುಬ್ಬಳ್ಳಿಯಲ್ಲಿ ದಸರೆಯ ಹೊತ್ತಿಗೆ ಯಾವ ಲಾರಿಯ ನಂಬರು ಯಾರಿಗೆ ಕಂಡಿದೆ? ಪೊಲೀಸ ಮೀಸೆಯೊಳಗೇ ನಕ್ಕ. ಆಮೇಲೆ ಬಗ್ಗಿ ಕೊಂಡಿ ನೋಡಿದ. ನಗು ಅಲ್ಲಿಗೇ ನಿಂತಿತು.

“ಹೂವಿಗೆ ನಗಬಹುದು. ಇದಕ್ಕ ನಗಾಕ ಆಗಂಗಿಲ್ಲ. ಬರ್ರಿ, ನೋಡ್ರಿ.”

ಕೆಳಗಿನ ಪಿನ್ನು ಸರಿಯಾಗಿತ್ತು. ಮೇಲಿನ ತೂತಿನಲ್ಲಿ ಇದ್ದದ್ದು ಪಿನ್ನಲ್ಲ, ಒಂದು ಹಳೆಯ ಬೋಲ್ಟು. ತೂತಿಗಿಂತ ಸಣ್ಣದು. ಒಳಗೆ ಬಡಿದಾಡಿ ಬಡಿದಾಡಿ ಬಾಳೆಹಣ್ಣಿನ ಹಾಗೆ ಬಾಗಿತ್ತು. ಅದರಿಂದಲೇ ಗಾಡಿಯ ಮೂತಿ ವಾಲಿ ಹೊಯ್ದಾಡಿದ್ದು. ಇನ್ನೊಂದು ಇಳಿಜಾರು ಕಂಡಿದ್ದರೆ ಅದು ತುಂಡಾಗುತ್ತಿತ್ತು. ಸರಪಳಿಯೊಂದೇ ಆಮೇಲಿನ ಗತಿ.

“ಎತ್ತರ ಹೊಂದಿಸೂ ಕೊಂಡಿ ಹಾಕಿದ್ದು ತಪ್ಪಲ್ಲ,” ಎಂದ ಪೊಲೀಸ. “ಆದ್ರ ಅದರ ಪಿನ್ನ ಬಿಟ್ಟು ಬ್ಯಾರೇದು ಹಾಕಿದ್ದು ತಪ್ಪು. ಸರಿಯಾದ ಪಿನ್ನು ಬರೂತನಾ ಈ ಗಾಡಿ ಒಂದ ಅಂಗುಲ ಮುಂದ ಹೋಗಂಗಿಲ್ಲ. ಈಗ ಪ್ಯಾಟಿಗೆ ಹೋದ್ರೂ ಮುಟ್ಟೂದ್ರಾಗ ಅಂಗಡಿ ಮುಚ್ಚಿರ್ತಾವು. ನಾಳೆ ನೋಡ್ಕೋರಿ.”

“ನಾಳೆ ನನ್ನ ಮಗಳ ಲಗ್ನ,” ಎಂದ ಹೆರಾಲ್ಡ್. ಅಷ್ಟೇ. ಟೊಪ್ಪಿಗೆ ತೆಗೆದು ಕೈಯಲ್ಲಿ ತಿರುವುತ್ತ ನಿಂತ. ಈಡಿತ್ ಹುಲ್ಲಿನ ಮೇಲೆ ಕೂತುಬಿಟ್ಟಳು.  ಆಗಲೇ ನನಗೆ ಪರಿಸ್ಥಿತಿ ಪೂರ್ತಿ ಅರ್ಥವಾದದ್ದು. ಐದು ಜನ ಅಣ್ಣತಮ್ಮಂದಿರ ನಡುವೆ ಆ ಹುಡುಗಿ ಎಲ್ಲಿ ಮಲಗಬೇಕು? ಆ ಊರಿನವರೆದುರು ಈ ಮನುಷ್ಯ ಯಾವ ಮುಖ ತೋರಿಸಬೇಕು?

ನಮ್ಮವರು ಕನ್ನಡಕ ಒರೆಸಿಕೊಂಡು ಮೆಲ್ಲಗೆ ಕೇಳಿದರು, “ಅಲ್ರೀ, ಇದರ ಖರೇ ಪಿನ್ನು ಎಲ್ಲಿ ಹೋತು?”

ಹೆರಾಲ್ಡ್ ನನ್ನ ಕಡೆ ನೋಡಿದ, ನೆಲ ನೋಡಿದ. “ಅದು ದೇವರ ಹತ್ರ ಐತ್ರಿ,” ಎಂದ.

ಪೊಲೀಸ ಗೌರವದಿಂದ ಆಕಾಶ ನೋಡಿದ.

“ಅಯ್ಯ ಶಿವನ! ದೇವರ ಹತ್ರ ಎಲ್ಲೈತ್ರಿ? ನನ್ನ ಚೀಲದಾಗ ಐತಿ!” ಎಂದು ನಾನು ಕಾರಿನೊಳಗೆ ನುಗ್ಗಿ ಉಡಿಯ ಗಂಟು ಬಿಚ್ಚಿದೆ. ಕಾಯಿ ಹುಲ್ಲಿನ ಮೇಲೆ ಉರುಳಿತು. ಖಣದೊಳಗಿಂದ ಪಿನ್ನು ತೆಗೆದೆ. ಕ್ಲಿಪ್ಪು ಇದೆ, ಕುಂಕುಮವಿದೆ, ಅರಿಷಿಣದ ದಾರವಿದೆ.

ಆಮೇಲೆ ನಡೆದದ್ದು ಪಂಚಾಯಿತಿ. ಬೆಳಿಗ್ಗೆ ಗಾಡಿ ಕಟ್ಟಲು ಬಂದ ಹೆರಾಲ್ಡ್‌ಗೆ ಪಿನ್ನು ಬೇಕಾಗಿತ್ತು. ಪರದೇಶದ ಹೆಣ್ಣುಮಗಳ ದೇವರ ತಟ್ಟೆಗೆ ಕೈ ಹಾಕುವುದು ಹೇಗೆ, ಎಬ್ಬಿಸಿ ಕೇಳುವುದು ಹೇಗೆ ಎಂದು ಸಂಕೋಚವಾಗಿ ಷೆಡ್ಡಿನ ಡಬ್ಬಿಯ ಬೋಲ್ಟು ಹಾಕಿದ್ದ. ಅದನ್ನು ಕಂಡ ನಾನು ಸಂಕೋಚಕ್ಕೆ ಕೇಳಲಿಲ್ಲ. ಕಟಕಟ ಕೇಳಿದ ನಮ್ಮವರು ಸಂಕೋಚಕ್ಕೆ ಹೇಳಲಿಲ್ಲ.

“ಕೇಳಬಾರದೇನ್ರಿ ಒಂದ ಮಾತು?” ಎಂದು ನಾನು ಹೆರಾಲ್ಡ್‌ನ ಮೇಲೆ ಏರಿಹೋದೆ. “ದೇವರೇನು ಪಿನ್ನು ನುಂಗ್ತಾನೇನು? ಬೆಳಿಗ್ಗೆ ಪೂಜಿ ಮುಗೀತಂದ್ರ ಅದನ್ನ ಹಚ್ಚೂದ ಧರ್ಮ!”

“ನೀವರ ಹೇಳಬಾರದೇನ್ರಿ?” ಎಂದ ಅವನು.

ಪೊಲೀಸ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. “ಕುಡದು ಗಾಡಿ ಕೆಡವಿದವರನ್ನ ಕಂಡೇನಿ, ನಿದ್ದಿಗೆಟ್ಟು ಕೆಡವಿದವರನ್ನ ಕಂಡೇನಿ. ಮರ್ಯಾದಿ ಹೆಚ್ಚಾಗಿ ಗಾಡಿ ಕೆಡವವರನ್ನ ಇವತ್ತ ನೋಡೀದೆ.”

ಅವನೂ ನಮ್ಮವರೂ ಸೇರಿ ಗಾಡಿಯ ಮೂತಿಯನ್ನು ಜಾಕಿನ ಮೇಲೆ ಎತ್ತಿದರು. ತೂತಿಗೆ ತೂತು ಕೂಡಿಸಿ ಹೆರಾಲ್ಡ್ ಪಿನ್ನು ತೂರಿಸಿದ, ಕ್ಲಿಪ್ಪು ಹಾಕಿದ. ದಾರ ತೆಗೆಯಲೇ ಎಂದು ಈ ಸಲ ನನ್ನನ್ನು ಕೇಳಿದ. ಬೇಡವೆಂದೆ. ಪೊಲೀಸ ಜಗ್ಗಿ ನೋಡಿದ, ತುಳಿದು ನೋಡಿದ, ಸರಪಳಿ ನೋಡಿದ, ದೂರ ನಿಂತು ಗಾಡಿ ಸಮ ನಿಂತಿದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡಿದ. ಮಾಲೆಯನ್ನು ಬಿಚ್ಚಿ ಬಾಗಿಲಿಗೆ ಕಟ್ಟಿಸಿದ.

ಇಷ್ಟು ಮಾಡಿದವನನ್ನು ದಶಮಿಯ ದಿನ ಬರಿಗೈಯಲ್ಲಿ ಕಳಿಸುವುದೆ? ಸೆರಗಿನ ಗಂಟು ಬಿಚ್ಚಿ ಅವನ ಅಂಗೈಯಲ್ಲಿ ಎರಡು ಎಲೆ ಇಟ್ಟು, “ತಗೋರಿ, ಬಂಗಾರ” ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ನಮ್ಮವರ ಮುಖ ಬಿಳಚಿತು. “ಏ ಗಿರಿಜಾ! ಪೊಲೀಸಗ ಬಂಗಾರ ಕೊಡ್ತೇನಿ ಅಂತೀಯಲ್ಲ, ಲಂಚ ಅಂತ ಒಳಗ ಹಾಕ್ಯಾನ!”

ಬಂಗಾರ ಕೊಟ್ಟು ತೆಗೆದುಕೊಂಡು ಬಂಗಾರದಂಗ ಇರೋಣ ಎಂಬ ನಮ್ಮ ಪದ್ಧತಿಯನ್ನು ನಾನೇ ವಿವರಿಸಿದೆ. ಪೊಲೀಸ ಎಲೆಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಎದೆಯ ಕಿಸೆಯಲ್ಲಿ ಇಟ್ಟುಕೊಂಡು ಗುಂಡಿ ಹಾಕಿದ. ಆಮೇಲೆ ಈಡಿತ್‌ಳ ಫ್ಲಾಸ್ಕಿನ ಚಹಾ ಕುಡಿದು, ಇಳಿಜಾರು ಮುಗಿಯುವ ತನಕ ನಮ್ಮ ಹಿಂದೆಯೇ ಬಂದ.

ಸಮುದ್ರದ ಊರು

ಊರು ಮುಟ್ಟುವಾಗ ಕತ್ತಲಾಗುತ್ತಿತ್ತು. ಗಾಡಿ ನಿಲ್ಲಬೇಕಾದ ಹೊಲದ ಗೇಟಿಗೆ ಕೀಲಿ ಹಾಕಿಕೊಂಡು ಹೊಲದವನು ಎಲ್ಲಿಗೋ ಹೋಗಿದ್ದ. ಕೊಂಡಿ ಬಿಚ್ಚದೆ ಚರ್ಚಿನ ಪಕ್ಕ ನಿಲ್ಲಿಸಿದೆವು. ಬೀಗರು ಬಂದು ಗಾಡಿಯನ್ನು ಸುತ್ತು ಹಾಕಿ ನೋಡಿದರು. ಎರಡು ದಿನ ಮೊದಲೇ ರೈಲಿನಲ್ಲಿ ಅಲ್ಲಿಗೆ ಬಂದಿದ್ದ ಜೋನ್ ಒಳಗೆ ಹೋಗಿ ಪರದೆ ಎಳೆದಳು, ಬಿಟ್ಟಳು, ಮತ್ತೆ ಎಳೆದಳು. ಹೆರಾಲ್ಡ್ ಹೊರಗೆ ನಿಂತು ಗಾಲಿಯ ಗಾಳಿ ಪರೀಕ್ಷಿಸುವವನ ಹಾಗೆ ಒದ್ದು ನೋಡುತ್ತಿದ್ದ.

ಮರುದಿನ ಲಗ್ನ ನೋಡಿ ನನಗೆ ನಿರಾಶೆಯಾಯಿತು. ಏನದು! ಒಂದು ಹಾಡು, ಒಂದು ಉಂಗುರ, ಒಂದು ಸಹಿ, ಮುಗಿಯಿತು. ನಮ್ಮಲ್ಲಿ ಹುಡುಗಿಯನ್ನು ಒಪ್ಪಿಸಿಕೊಡುವಾಗ ತಾಯಿ ಅಳುತ್ತಾಳೆ, ತಂದೆ ಅಳುತ್ತಾನೆ, ಬಾಜಾದವನೂ ಸೇರಿ ಅಳುತ್ತಾನೆ. ಅಲ್ಲಿ ಹೆರಾಲ್ಡ್ ಮಗಳನ್ನು ತೋಳು ಹಿಡಿದು ಕರೆತಂದ, ಟಾಮನ ಪಕ್ಕ ನಿಲ್ಲಿಸಿದ, ಹೋಗಿ ತನ್ನ ಜಾಗದಲ್ಲಿ ಕೂತ. ಕಣ್ಣಲ್ಲಿ ಒಂದು ಹನಿ ಇಲ್ಲ. “ಕಲ್ಲು ಎದಿ ಬಿಡ್ರಿ ಇವರದು,” ಎಂದೆ ನಮ್ಮವರಿಗೆ.

ಊಟವಾದ ಮೇಲೆ ಗಾಡಿಯನ್ನು ಹೊಲಕ್ಕೆ ಒಯ್ಯುವುದಿತ್ತು. ಹೆರಾಲ್ಡ್ ಕಾರನ್ನು ನಡಿಗೆಯ ವೇಗದಲ್ಲಿ ಬಿಟ್ಟ. ಬಾಗಿಲಿಗೆ ಬಾಡಿದ ಚೆಂಡುಹೂವಿನ ಮಾಲೆ, ಹಿಂದೆ ಮದುಮಕ್ಕಳು, ಅವರ ಹಿಂದೆ ಊರೆಲ್ಲ. ಹೀಗೆ ಮನೆಯದೇ ಮೆರವಣಿಗೆ ಹೊರಟಿತು. ಒಬ್ಬ ಮುದುಕ ಬಾಯಿಬಾಜಾ ಬಾರಿಸಿದ. ಆಗ ನನ್ನ ಮನಸ್ಸಿಗೆ ಲಗ್ನ ಆಯಿತು ಎನಿಸಿತು.

ಹೊಲದ ಅಂಚಿನಲ್ಲಿ, ಸಮುದ್ರ ಕಾಣುವ ಕಡೆ ಗಾಡಿ ನಿಂತಿತು. ಟಾಮ್ ಗಾಲಿಗಳಿಗೆ ಕಲ್ಲು ಕೊಟ್ಟ, ಮೂತಿಯ ಕೆಳಗೆ ಊರುಗೋಲು ಕೊಟ್ಟ. ಹೆರಾಲ್ಡ್ ಮಂಡಿಯೂರಿ ಸರಪಳಿ ಬಿಚ್ಚಿದ. ಕೆಳಗಿನ ಪಿನ್ನು ಎಳೆದು ತೆಗೆದ. ಮೇಲಿನ ಪಿನ್ನಿನ ಕ್ಲಿಪ್ಪು ತೆಗೆದು, ಅರಿಷಿಣದ ದಾರದ ಪಿನ್ನಿನ ಮೇಲೆ ಕೈ ಇಟ್ಟ. ಕೈ ಅಲ್ಲೇ ನಿಂತಿತು.

ಎಲ್ಲರೂ ಕಾಯುತ್ತಿದ್ದರು. ಗಾಳಿ ಬೀಸುತ್ತಿತ್ತು.

“ಬಿಗದೈತಿ,” ಎಂದ ಹೆರಾಲ್ಡ್, ತಲೆ ಎತ್ತದೆ. “ಜಪ್ಪಯ್ಯ ಅಂದ್ರೂ ಬರವಲ್ದು.”

ನಮ್ಮವರು ಕೂಡಲೇ ಕೋಟಿನ ತೋಳು ಮೇಲೆ ಮಾಡಿದರು. “ಭಾರ ಪಿನ್ನಿನ ಮ್ಯಾಲೆ ಕುಂತಿರಬೇಕು. ಜಾಕ್ ಕೊಡ್ರಿ, ಒಂಚೂರ ಎತ್ತಿದ್ರ…” ಎನ್ನುತ್ತ ಮುಂದೆ ಹೊರಟರು.

ನಾನು ಅವರ ಕೋಟಿನ ಬಾಲ ಹಿಡಿದು ಎಳೆದೆ. “ಸುಮ್ಮ ನಿಂದರ್ರಿ.”

“ಅಲ್ಲಾ, ಬಿಗದೈತಂತ…”

“ಬಿಗದಿಲ್ಲ. ನಿಂದರ್ರಿ ಅಂದೆ.”

ಹೆರಾಲ್ಡ್‌ನ ಕೈ ಪಿನ್ನನ್ನು ಎಳೆಯುತ್ತಲೇ ಇರಲಿಲ್ಲ. ಚಪ್ಪಟೆ ಟೊಪ್ಪಿಗೆ ಕಣ್ಣಿನ ಮೇಲೆ ಇಳಿದಿತ್ತು. ಕಲ್ಲೆದೆ ಎಂದಿದ್ದೆನಲ್ಲ, ನನ್ನ ನಾಲಿಗೆಗೆ ಬರೆ ಹಾಕಬೇಕು ಎನಿಸಿತು. ಆಗ ಜೋನ್ ಬಿಳಿ ಲಂಗವನ್ನು ಎತ್ತಿ ಹಿಡಿದು, ಹುಲ್ಲಿನ ಹಸಿಯಲ್ಲೇ ಅಪ್ಪನ ಪಕ್ಕ ಮಂಡಿಯೂರಿದಳು.  ಅವನ ಕೈಯ ಮೇಲೆ ತನ್ನ ಕೈ ಇಟ್ಟಳು. ಇಬ್ಬರೂ ಕೂಡಿ ಎಳೆದರು. ಬೆಣ್ಣೆಯೊಳಗಿಂದ ಬಂದ ಹಾಗೆ ಪಿನ್ನು ಹೊರಗೆ ಬಂತು.

ಹೆರಾಲ್ಡ್ ಅದನ್ನು ಮಗಳ ಕೈಯಲ್ಲಿಟ್ಟು, ಬೆರಳು ಮುಚ್ಚಿಸಿ, ಎದ್ದು ಹೋಗಿ ಕಾರನ್ನು ಒಂದು ಮಾರು ಮುಂದೆ ಒಯ್ದು ನಿಲ್ಲಿಸಿದ. ಇಳಿದು ಬರಲು ಬಹಳ ಹೊತ್ತು ಮಾಡಿದ. ನಾನು ಜೋನ್‌ಳ ಉಡಿಗೆ ಕಾಯಿ, ಖಣ ಹಾಕಿದೆ. ಪಿನ್ನನ್ನು ಅವಳೇ ಅದರಲ್ಲಿ ಸೇರಿಸಿಕೊಂಡಳು. ನಾನು ಅತ್ತೆ. ನನ್ನ ಅಳು ನೋಡಿ ಈಡಿತ್ ಅತ್ತಳು. ಬಾಯಿಬಾಜಾದ ಮುದುಕನೂ ಮೂಗು ಒರೆಸಿಕೊಂಡ.

ಮರಳಿ ಹೋಗುವಾಗ ಹಿಂದಿನ ಗಾಜಿನಲ್ಲಿ ಬರೀ ದಾರಿ ಕಾಣುತ್ತಿತ್ತು. ಹೆರಾಲ್ಡ್ ಎರಡೆರಡು ಸಲ ಕನ್ನಡಿಯಲ್ಲಿ ಹಿಂದೆ ನೋಡಿದ. ಬಯಲು ದಾಟಿದೆವು. ಆಮೇಲೆ ನಮ್ಮವರು ನನ್ನ ಕಡೆ ಬಾಗಿದರು. ಈ ಸಲ ಏನು ಕಟಕಟ ಎಂದು ಕಿವಿ ಕೊಟ್ಟೆ.

“ಗಿರಿಜಾ,” ಎಂದರು ಮೆಲ್ಲಗೆ, “ಅವತ್ತ ನಿಮ್ಮಪ್ಪನ ಕಾರೂ ಕೆಟ್ಟಿರಲಿಲ್ಲ, ಹೌದಿಲ್ಲೋ?”